ಹಳೆಯ ಪ್ಯಾರಲಲ್ ಪೋರ್ಟ್ ಪ್ರಿಂಟರ್ ಹೊಸ ಕಂಪ್ಯೂಟರಿನಲ್ಲಿ ಓಡದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಾರ್ಬನ್ ಪ್ರತಿ ಬೇಕಾದ ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಜಾಗವನ್ನು ಬೇರೆ ಯಂತ್ರ ತುಂಬಿಲ್ಲ. ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿದು ಒತ್ತುವುದರಿಂದ ಮೂರು ಪದರದ ಬಿಲ್ಲು ಒಂದೇ ಸಲಕ್ಕೆ ಮೂಡುತ್ತದೆ. ಇಂಕ್‌ಜೆಟ್ ಆಗಲಿ ಲೇಸರ್ ಆಗಲಿ ಈ ಕೆಲಸ ಮಾಡಲಾರವು. ಆದ್ದರಿಂದಲೇ ಸಹಕಾರ ಸಂಘಗಳಲ್ಲಿ, ಮಂಡಿಗಳಲ್ಲಿ, ಲಾರಿ ಬುಕಿಂಗ್ ಕಚೇರಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಎಪ್ಸನ್ ಎಲ್‌ಎಕ್ಸ್-300 ಪ್ಲಸ್, ಟಿವಿಎಸ್ ಎಂಎಸ್‌ಪಿ ಸರಣಿ, ವಿಪ್ರೊ ಮತ್ತು ವೆಪ್ ಯಂತ್ರಗಳು ಈಗಲೂ ಸದ್ದು ಮಾಡುತ್ತಿವೆ. ತೊಂದರೆ ಶುರುವಾಗುವುದು ಕಂಪ್ಯೂಟರ್ ಬದಲಾದ ದಿನ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹೊಸ ಯಂತ್ರ ಕೊಂಡವರಲ್ಲಿ ಅನೇಕರಿಗೆ, ಹಿಂಬದಿಯಲ್ಲಿ ಹಳೆಯ ಪ್ರಿಂಟರ್ ಕೇಬಲ್ ಚುಚ್ಚುವ ಜಾಗ, ಅಂದರೆ ಪ್ಯಾರಲಲ್ ಪೋರ್ಟ್, ಇಲ್ಲವೇ ಇಲ್ಲವೆಂಬುದು ಯಂತ್ರ ಅಂಗಡಿಗೆ ಬಂದ ನಂತರವೇ ತಿಳಿಯುತ್ತದೆ.

ಇಂಥ ಸಂದರ್ಭದಲ್ಲಿ ಕೆಡದ ಪ್ರಿಂಟರನ್ನು ಕೆಟ್ಟಿದೆಯೆಂದು ಗುಜರಿಗೆ ಹಾಕುವುದು ಬಹಳ. ಕಂಪ್ಯೂಟರಿನಿಂದ ಕಾಗದದವರೆಗೆ ಐದು ಕೊಂಡಿಗಳಿವೆ: ಪ್ರಿಂಟರಿನ ಯಂತ್ರಭಾಗ, ಕೇಬಲ್, ಕಂಪ್ಯೂಟರಿನ ಪೋರ್ಟ್ ಅಥವಾ ಅಡಾಪ್ಟರ್, ಆ ಪೋರ್ಟಿಗೆ ವಿಂಡೋಸ್ ಇಟ್ಟ ಹೆಸರು, ಕೊನೆಗೆ ಪ್ರಿಂಟರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡುವ ಡ್ರೈವರ್. ಯಾವ ಕೊಂಡಿ ಕಳಚಿದೆ ಎಂದು ತಿಳಿಯುವ ಮುನ್ನ ಹಣ ಖರ್ಚು ಮಾಡಬಾರದು. ಕೆಳಗಿನ ಭಾಗಗಳನ್ನು ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ ವಿಂಗಡಿಸಿದ್ದೇನೆ. ಆದರೂ ಮೊದಲ ಎರಡು ಭಾಗಗಳನ್ನು, ಲಕ್ಷಣ ಯಾವುದೇ ಇರಲಿ, ಎಲ್ಲರೂ ಓದಬೇಕು.

ಕೈ ಹಾಕುವ ಮುನ್ನ

ಪ್ಯಾರಲಲ್ ಕೇಬಲ್ಲನ್ನು ಯುಎಸ್‌ಬಿ ಪೆನ್‌ಡ್ರೈವಿನಂತೆ ಯಂತ್ರ ಓಡುತ್ತಿರುವಾಗಲೇ ಹಾಕಿ ತೆಗೆಯುವಂತಿಲ್ಲ. ಅದರ ತಂತಿಗಳಲ್ಲಿ ಓಡುವುದು 5 ವೋಲ್ಟಿನ ಸಂಕೇತ. ಆ ತಂತಿಗಳು ಹೆಚ್ಚಿನ ರಕ್ಷಣೆಯಿಲ್ಲದೆ ಚಿಪ್ಪಿಗೆ ಹೋಗಿ ಸೇರುತ್ತವೆ. ಕಂಪ್ಯೂಟರ್ ಮತ್ತು ಪ್ರಿಂಟರ್ ಎರಡನ್ನೂ ಆರಿಸಿ, ಕೇಬಲ್ ಕೂರಿಸಿ, ಸ್ಕ್ರೂ ಬಿಗಿದು ಅಥವಾ ಕ್ಲಿಪ್ ಮಡಚಿ, ಆನಂತರವೇ ವಿದ್ಯುತ್ ಕೊಡಬೇಕು.

ಇದಕ್ಕಿಂತ ದೊಡ್ಡ ಅಪಾಯ ಅರ್ಥಿಂಗ್ ಇಲ್ಲದ ಸಾಕೆಟ್. ಮೂರು ಪಿನ್ನಿನ ಸಾಕೆಟ್ಟಿದ್ದರೂ ಅದರ ಅರ್ಥ್ ತಂತಿ ಎಲ್ಲಿಗೂ ಸೇರಿರದ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಲೋಹಕ್ಕೆ 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡ ಬಂದು ನಿಲ್ಲುತ್ತದೆ. ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುವುದು ಇದರಿಂದಲೇ. ಕರೆಂಟ್ ಅತಿ ಕಡಿಮೆಯಾದ್ದರಿಂದ ಮನುಷ್ಯರಿಗೆ ಸಾಮಾನ್ಯವಾಗಿ ಅದು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಪ್ರಿಂಟರ್ ಒಂದು ಸಾಕೆಟ್ಟಿನಲ್ಲೂ ಕಂಪ್ಯೂಟರ್ ಇನ್ನೊಂದರಲ್ಲೂ ಇದ್ದು, ಕೇಬಲ್ ತಾಗಿದ ಕ್ಷಣ ಸಣ್ಣ ಕಿಡಿ ಹಾರಿದರೆ ಎರಡರಲ್ಲಿ ಒಂದರ ಪೋರ್ಟ್ ಸತ್ತಂತೆಯೇ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡದೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಒತ್ತಡವನ್ನು ಅಳೆಸಬೇಕು. ಅದು ಕೆಲವೇ ವೋಲ್ಟುಗಳ ಒಳಗಿರಬೇಕು. ಎರಡೂ ಯಂತ್ರಗಳಿಗೆ ಒಂದೇ ಸ್ಪೈಕ್ ಗಾರ್ಡಿನಿಂದ ವಿದ್ಯುತ್ ಕೊಡುವುದು ಒಳ್ಳೆಯದು.

ಡಾಟ್ ಮ್ಯಾಟ್ರಿಕ್ಸಿನ ಹೆಡ್ಡು ನಾಲ್ಕಾರು ಪುಟ ಹೊಡೆದ ಮೇಲೆ ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಹಳೆಯ ಲೇಸರ್ ಪ್ರಿಂಟರಿನ ಫ್ಯೂಸರ್ (ಪುಡಿಶಾಯಿಯನ್ನು ಕಾಗದಕ್ಕೆ ಬೆಸೆಯುವ ಭಾಗ) ಅದಕ್ಕಿಂತಲೂ ಎಷ್ಟೋ ಹೆಚ್ಚು ಬಿಸಿ. ಆರಿಸಿ ಅರ್ಧ ಗಂಟೆ ಬಿಟ್ಟ ನಂತರವೇ ಒಳಗೆ ಬೆರಳಿಡಿ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಫ್ಯೂಸರ್ ಬಿಸಿಯೇರುವಾಗ ಎಳೆಯುವ ವಿದ್ಯುತ್ತನ್ನು ಅದು ತಾಳುವುದಿಲ್ಲ.

ಲಕ್ಷಣ: ಪ್ರಿಂಟರ್ ಏನೂ ಮುದ್ರಿಸುತ್ತಿಲ್ಲ, ದೋಷ ಎಲ್ಲಿದೆಯೆಂದೇ ಗೊತ್ತಿಲ್ಲ

ಮೊದಲು ಕೇಬಲ್ ಕಳಚಿ ಪ್ರಿಂಟರನ್ನು ಒಂಟಿಯಾಗಿ ಪರೀಕ್ಷಿಸಿ. ಎಲ್‌ಎಕ್ಸ್-300 ಪ್ಲಸ್‌ನಲ್ಲಿ ಲೈನ್ ಫೀಡ್ ಬಟನ್ ಒತ್ತಿ ಹಿಡಿದುಕೊಂಡು ಸ್ವಿಚ್ ಹಾಕಿದರೆ ಅದು ತನ್ನಷ್ಟಕ್ಕೇ ಡ್ರಾಫ್ಟ್ ಅಕ್ಷರಗಳ ಸಾಲುಗಳನ್ನು ಹೊಡೆಯತೊಡಗುತ್ತದೆ. ಲೋಡ್ ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಅಂದದ ಅಕ್ಷರಗಳಲ್ಲಿ ಹೊಡೆಯುತ್ತದೆ. ಬೇರೆ ತಯಾರಿಕೆಯ ಯಂತ್ರಗಳಲ್ಲೂ ಇಂಥದೇ ಸ್ವಯಂ ಪರೀಕ್ಷೆ ಇರುತ್ತದೆ, ಬಟನ್ ಮಾತ್ರ ಬೇರೆ. ಎಚ್‌ಪಿ ಲೇಸರ್‌ಜೆಟ್ 6ಎಲ್ ಅಥವಾ 1100ರಲ್ಲಿ, ಯಂತ್ರ ಸಿದ್ಧವಾಗಿರುವಾಗ ಮುಂಬದಿಯ ಬಟನ್ ಒತ್ತಿದರೆ ಪರೀಕ್ಷಾ ಪುಟ ಬರುತ್ತದೆ.

ಈ ಪುಟ ಸರಿಯಾಗಿ ಬಂದರೆ ಹೆಡ್ಡು, ಮೋಟಾರು, ರಿಬ್ಬನ್, ಒಳಗಿನ ಬೋರ್ಡಿನ ಬಹುಪಾಲು ಎಲ್ಲವೂ ನೆಟ್ಟಗಿವೆ ಎಂದರ್ಥ. ದೋಷ ಕೇಬಲ್ಲಿನಲ್ಲೋ ಅದರಾಚೆ ಕಂಪ್ಯೂಟರಿನ ಕಡೆಯೋ ಇದೆ. ಅಪರೂಪಕ್ಕೆ ಮಾತ್ರ ಪ್ರಿಂಟರಿನ ಇಂಟರ್‌ಫೇಸ್ ಚಿಪ್ಪು ಹೋಗಿರಬಹುದು. ಪುಟ ಮಸುಕಾಗಿದ್ದರೆ ರಿಬ್ಬನ್ ಬದಲಿಸಿ, ಕಾಗದದ ದಪ್ಪಕ್ಕೆ ಹೊಂದಿಸುವ ಸಣ್ಣ ಲಿವರ್ ಸರಿಯಾದ ಮನೆಯಲ್ಲಿದೆಯೇ ನೋಡಿ; ಮೂರು ಪದರದ ಬಿಲ್ಲಿಗೆ ಇಟ್ಟ ಲಿವರ್ ಒಂಟಿ ಹಾಳೆಗೆ ಮಸುಕಾಗಿಯೇ ಹೊಡೆಯುತ್ತದೆ. ಪ್ರತಿ ಅಕ್ಷರದಲ್ಲೂ ಒಂದೇ ಎತ್ತರದಲ್ಲಿ ಬಿಳಿ ಗೆರೆ ಅಡ್ಡಲಾಗಿ ಓಡುತ್ತಿದ್ದರೆ ಹೆಡ್ಡಿನ ಒಂದು ಸೂಜಿ ಮುರಿದಿದೆ ಅಥವಾ ಸಿಕ್ಕಿಹಾಕಿಕೊಂಡಿದೆ. ಒಣಗಿದ ರಿಬ್ಬನ್ನಿಗೆ ಎಣ್ಣೆ ಬಿಡುವ ಅಭ್ಯಾಸ ಕೆಲವರಿಗಿದೆ, ಅದನ್ನು ದಯವಿಟ್ಟು ಬಿಡಬೇಕು. ಎಣ್ಣೆಗೆ ಹಿಡಿದ ಧೂಳು ಸೂಜಿಗಳ ಸಂದಿಗೆ ಸೇರಿ ಹೆಡ್ಡನ್ನೇ ತಿನ್ನುತ್ತದೆ.

ಸ್ವಯಂ ಪರೀಕ್ಷೆಯೇ ಬಾರದಿದ್ದರೆ ಕಾಗದ ಸರಿಯಾಗಿ ಕೂತಿದೆಯೇ, ಕಾಗದ ಮುಗಿದ ದೀಪ ಉರಿಯುತ್ತಿದೆಯೇ, ಸಿಂಗಲ್ ಶೀಟ್ ಮತ್ತು ಟ್ರ್ಯಾಕ್ಟರ್ (ಅಂಚಿನಲ್ಲಿ ತೂತುಗಳಿರುವ ಹಾಳೆಯನ್ನು ಎಳೆಯುವ ಭಾಗ) ನಡುವಿನ ಲಿವರ್ ಸರಿಯಿದೆಯೇ ಎಂದು ನೋಡಿ. ಅಷ್ಟಾದರೂ ಆಗದಿದ್ದರೆ ಅದು ಯಂತ್ರದ ರಿಪೇರಿ. ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ.

ಲಕ್ಷಣ: ಕೇಬಲ್ ಚುಚ್ಚುವ ಜಾಗವೇ ಹೊಸ ಕಂಪ್ಯೂಟರಿನಲ್ಲಿಲ್ಲ

ಪ್ರಿಂಟರಿನ ಕಡೆಯ 36 ಪಿನ್ನಿನ ಅಗಲವಾದ ಕನೆಕ್ಟರ್ 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತಂದದ್ದು; ಕಂಪ್ಯೂಟರಿನ ಕಡೆಯ 25 ಪಿನ್ನಿನದು 1981ರ ಐಬಿಎಂ ಪಿಸಿಯಿಂದ ಬಂದದ್ದು. ಒಂದೇ ಕೇಬಲ್ಲಿನ ಎರಡು ತುದಿ ಎರಡು ಬಗೆಯಾಗಿರುವುದಕ್ಕೆ ಇದೇ ಕಾರಣ. ಅಡಾಪ್ಟರ್ ಕೊಳ್ಳುವಾಗ ಯಾವ ತುದಿಗೆ ಬೇಕೆಂದು ನೋಡಿ ಕೊಳ್ಳಬೇಕು.

ಡೆಸ್ಕ್‌ಟಾಪ್ ಆಗಿದ್ದರೆ ಕ್ಯಾಬಿನೆಟ್ ತೆರೆಯುವವರ ಕೈಯಲ್ಲಿ ಮದರ್‌ಬೋರ್ಡನ್ನು ಒಮ್ಮೆ ನೋಡಿಸಿ. ಹೊರಗೆ ಪೋರ್ಟ್ ಇರದಿದ್ದರೂ ಬೋರ್ಡಿನ ಮೇಲೆ ಎಲ್‌ಪಿಟಿ ಎಂದು (ಪ್ಯಾರಲಲ್ ಪೋರ್ಟಿಗೆ ಕಂಪ್ಯೂಟರಿನಲ್ಲಿರುವ ಹೆಸರು) ಬರೆದ ಪಿನ್ನುಗಳ ಸಾಲು ಕೆಲವು ಮಾದರಿಗಳಲ್ಲಿರುತ್ತದೆ. ಅದಕ್ಕೆ ಹೊಂದುವ ಪಟ್ಟಿ ಕೇಬಲ್ ಮತ್ತು ಬ್ರಾಕೆಟ್ ಸಿಕ್ಕಿದರೆ ಅಸಲಿ ಪೋರ್ಟೇ ಸಿಕ್ಕಂತೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ.

ಅದಿಲ್ಲದಿದ್ದರೆ ಮೂರು ದಾರಿಗಳು. ಅತಿ ಅಗ್ಗದ್ದು ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್. ವಿಂಡೋಸಿನಿಂದಲೇ ಮುದ್ರಿಸುವವರಿಗೆ ಇದು ಸಾಕು. ಎರಡನೆಯದು ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್. ಇದು ನಿಜವಾದ ಎಲ್‌ಪಿಟಿ ಪೋರ್ಟನ್ನು ಕೊಡುತ್ತದೆ, ಆದರೆ ಲ್ಯಾಪ್‌ಟಾಪಿಗೆ ಆಗದು. ಮೂರನೆಯದು ಪ್ಯಾರಲಲ್ ಪೋರ್ಟಿರುವ ಪ್ರಿಂಟ್ ಸರ್ವರ್, ಅಂದರೆ ಪ್ರಿಂಟರಿನ ಬೆನ್ನಿಗೆ ಸೇರಿ ನೆಟ್‌ವರ್ಕ್ ಕೇಬಲ್ಲಿಗೆ ಹೋಗುವ ಪುಟ್ಟ ಡಬ್ಬಿ. ಎಚ್‌ಪಿಯ ಜೆಟ್‌ಡೈರೆಕ್ಟ್ 300ಎಕ್ಸ್, ಟಿಪಿ-ಲಿಂಕಿನ ಪಿಎಸ್110ಪಿ ಈ ಜಾತಿಯವು. ಈಗ ಹೆಚ್ಚಾಗಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕು. ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳಿಂದ ಮುದ್ರಿಸುವ ಕಚೇರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ವಿಂಡೋಸ್ ಎಷ್ಟೇ ಬದಲಾದರೂ ನೆಟ್‌ವರ್ಕಿನ 9100ನೇ ಪೋರ್ಟಿಗೆ (ಇದು ಕೇಬಲ್ ಚುಚ್ಚುವ ಜಾಗವಲ್ಲ, ಸಂಖ್ಯೆಯ ವಿಳಾಸ) ಮಾಹಿತಿ ಕಳಿಸುವ ಕ್ರಮ ಬದಲಾಗಿಲ್ಲ.

ಒಂದು ಎಚ್ಚರಿಕೆ. 25 ಪಿನ್ನಿನ ಎಲ್ಲ ಕನೆಕ್ಟರುಗಳೂ ಪ್ಯಾರಲಲ್ ಅಲ್ಲ. ಕಂಪ್ಯೂಟರಿನ ಹಿಂಬದಿಯಲ್ಲಿ ರಂಧ್ರಗಳಿರುವುದು ಪ್ಯಾರಲಲ್, ಚಾಚಿದ ಪಿನ್ನುಗಳಿರುವುದು ಸೀರಿಯಲ್. ಸೀರಿಯಲ್ ತಂತಿಗಳಲ್ಲಿ 12 ವೋಲ್ಟಿನ ಆಸುಪಾಸಿನ ಧನ ಋಣ ಒತ್ತಡಗಳಿರುತ್ತವೆ. ಅವನ್ನು 5 ವೋಲ್ಟಿನ ಪ್ಯಾರಲಲ್ ಪೋರ್ಟಿಗೆ ಕೊಟ್ಟರೆ ಚಿಪ್ಪು ಸುಡಬಹುದು. ಎಲ್‌ಎಕ್ಸ್-300 ಪ್ಲಸ್‌ನಲ್ಲಿ ಎರಡೂ ಬಗೆಯ ಪೋರ್ಟುಗಳಿರುವುದರಿಂದ ಅಲ್ಲಿ ವಿಶೇಷ ಗಮನ ಬೇಕು. ಮುಂದೆ ಬಂದ ಎಲ್‌ಎಕ್ಸ್-300 ಪ್ಲಸ್ 2 ಮತ್ತು ಎಲ್‌ಎಕ್ಸ್-310 ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟೂ ಇದೆ, ಆದ್ದರಿಂದ ಅಡಾಪ್ಟರ್ ಕೊಳ್ಳುವ ಮುನ್ನ ನಿಮ್ಮ ಪ್ರಿಂಟರಿನ ಬೆನ್ನನ್ನು ಒಮ್ಮೆ ತಿರುಗಿಸಿ ನೋಡಿ.

ಲಕ್ಷಣ: ಯುಎಸ್‌ಬಿ ಕೇಬಲ್ ಹಾಕಿದರೂ ಎಲ್‌ಪಿಟಿ1 ಕಾಣುತ್ತಿಲ್ಲ, ಕೆಲಸ ಸರದಿಯಲ್ಲೇ ನಿಂತಿದೆ

ಯುಎಸ್‌ಬಿ ಅಡಾಪ್ಟರ್ ಎಲ್‌ಪಿಟಿ1 ಎಂಬ ಪೋರ್ಟನ್ನು ಹುಟ್ಟಿಸುವುದೇ ಇಲ್ಲ. ವಿಂಡೋಸಿನ ಕಣ್ಣಿಗೆ ಅದು ಒಂದು ಯುಎಸ್‌ಬಿ ಪ್ರಿಂಟರ್. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಎಂದು ಕಾಣುತ್ತದೆ, ಪೋರ್ಟುಗಳ ಪಟ್ಟಿಯಲ್ಲಿ ಯುಎಸ್‌ಬಿ001 ಎಂಬ ಹೆಸರಿನಲ್ಲಿ ಬರುತ್ತದೆ. ಡ್ರೈವರ್ ಹಾಕುವಾಗ ಎಲ್‌ಪಿಟಿ1 ಆರಿಸಿದವರ ಕೆಲಸಗಳೆಲ್ಲ ಇಲ್ಲದ ಪೋರ್ಟಿನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಪ್ರಿಂಟರಿನ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಪುಟದಲ್ಲಿ ಯುಎಸ್‌ಬಿ001ರ ಮುಂದೆ ಗುರುತು ಹಾಕಿ. ಅದೇ ಪುಟದ ಕೆಳಗಿರುವ ಬೈಡೈರೆಕ್ಷನಲ್ ಸಪೋರ್ಟ್ ಎಂಬ ಗುರುತನ್ನು ತೆಗೆಯಿರಿ. ಹಳೆಯ ಪ್ರಿಂಟರ್ ಮಾಹಿತಿ ಪಡೆಯುತ್ತದೆಯೇ ಹೊರತು ತನ್ನ ಬಗ್ಗೆ ತಿರುಗಿ ಹೇಳುವುದಿಲ್ಲ; ಉತ್ತರಕ್ಕಾಗಿ ಕಾಯುತ್ತ ಡ್ರೈವರ್ ಅದನ್ನು ಆಫ್‌ಲೈನ್ ಎಂದು ತೋರಿಸಿಬಿಡಬಹುದು. ಅಡಾಪ್ಟರ್ ಹಾಕಿದರೂ ಡಿವೈಸ್ ಮ್ಯಾನೇಜರಿನಲ್ಲಿ ಏನೂ ಕಾಣದಿದ್ದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಹಿಂಬದಿಯ ಸಾಕೆಟ್ಟಿಗೆ ಹಾಕಿ, ಪ್ರಿಂಟರನ್ನು ಮೊದಲು ಆನ್ ಮಾಡಿ, ಯುಎಸ್‌ಬಿ 2.0 ಸಾಕೆಟ್ ಇದ್ದರೆ ಅದನ್ನೂ ಪರೀಕ್ಷಿಸಿ.

ಡ್ರೈವರೇ ಸಿಗದವರು ಗಮನಿಸಬೇಕಾದದ್ದು ಹೀಗಿದೆ. ಪ್ರಿಂಟರ್ ಸೇರಿಸುವ ವಿಜರ್ಡ್ ಕಿಟಕಿಯಲ್ಲಿ ಲೋಕಲ್ ಪ್ರಿಂಟರ್ ಎಂದು ಆರಿಸಿ, ಪೋರ್ಟ್ ಗುರುತಿಸಿದ ಮೇಲೆ ಬರುವ ಪಟ್ಟಿ ಚಿಕ್ಕದಾಗಿದ್ದರೆ ಅಲ್ಲಿರುವ ವಿಂಡೋಸ್ ಅಪ್‌ಡೇಟ್ ಬಟನ್ ಒತ್ತಿ ಕಾಯಿರಿ; ಪಟ್ಟಿ ಉದ್ದವಾಗುತ್ತದೆ. ನಿಮ್ಮ ಮಾದರಿಯ ಹೆಸರೇ ಇರಬೇಕೆಂದಿಲ್ಲ. 9 ಸೂಜಿಯ ಎಪ್ಸನ್‌ಗೆ ಎಲ್‌ಎಕ್ಸ್ ಸೀರೀಸ್ 1, 24 ಸೂಜಿಯದಕ್ಕೆ ಎಲ್‌ಕ್ಯೂ ಸೀರೀಸ್ 1 ಸಾಕು. ಟಿವಿಎಸ್ ಮತ್ತು ವೆಪ್ ಯಂತ್ರಗಳಲ್ಲಿ ಬಹುತೇಕ ಎಪ್ಸನ್ ಭಾಷೆಯನ್ನೇ ಆಡುವುದರಿಂದ ಅವಕ್ಕೂ ಇದೇ ನಡೆಯುತ್ತದೆ. ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಆದ್ದರಿಂದ ಕೆಲಸ ಮಾಡುತ್ತಿರುವ ಡ್ರೈವರಿನ ಕಡತಗಳನ್ನು ತಯಾರಕರ ತಾಣದಿಂದ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಈಗಲೇ ಮಾಡಬೇಕಾದ ಕೆಲಸ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಆಯ್ಕೆಯೊಂದು ಬಂದಿದೆ. ಯಾರಾದರೂ ಅದನ್ನು ಚಾಲೂ ಮಾಡಿದ್ದರೆ ಇಂಥ ಹಳೆಯ ಡ್ರೈವರುಗಳು ಒಟ್ಟಿಗೇ ಕಾಣೆಯಾಗುತ್ತವೆ. ಪ್ರಿಂಟರ್ ಸೆಟ್ಟಿಂಗ್ಸಿನಲ್ಲಿ ಅದು ಆಫ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಲಕ್ಷಣ: ನಿನ್ನೆಯವರೆಗೆ ಸರಿಯಿತ್ತು, ಇಂದು ಆಫ್‌ಲೈನ್ ಎನ್ನುತ್ತಿದೆ

ಕಸ ಗುಡಿಸುವಾಗ ಕೇಬಲ್ ಕಳಚಿ ಬೇರೆ ಸಾಕೆಟ್ಟಿಗೆ ಹಾಕಿರುತ್ತಾರೆ, ಅಷ್ಟೇ. ಅಗ್ಗದ ಅಡಾಪ್ಟರುಗಳಿಗೆ ತಮ್ಮದೇ ಆದ ಕ್ರಮಸಂಖ್ಯೆ ಇರುವುದಿಲ್ಲವಾದ್ದರಿಂದ ಸಾಕೆಟ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಯಂತ್ರವೆಂದು ತಿಳಿದು ಯುಎಸ್‌ಬಿ002 ಎಂಬ ಹೊಸ ಪೋರ್ಟ್ ಮಾಡುತ್ತದೆ. ಕೆಲವೊಮ್ಮೆ ಹೆಸರಿನ ಮುಂದೆ ಕಾಪಿ 1 ಎಂದು ಬರೆದ ಎರಡನೆಯ ಪ್ರಿಂಟರೂ ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತದೆ. ಹಳೆಯ ಸಾಕೆಟ್ಟಿಗೇ ಮರಳಿಸಿ ಅಥವಾ ಪೋರ್ಟ್ಸ್ ಪುಟದಲ್ಲಿ ಹೊಸ ಪೋರ್ಟ್ ಗುರುತಿಸಿ. ಆಮೇಲೆ ಆ ಸಾಕೆಟ್ಟಿನ ಪಕ್ಕದಲ್ಲಿ ಬಣ್ಣದ ಟೇಪು ಅಂಟಿಸಿಬಿಡಿ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಪ್ರಿಂಟರ್ ಸಿಗದಂತಾಗುತ್ತಿದ್ದರೆ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ.

ಲಕ್ಷಣ: ಅಕ್ಷರಗಳು ಅಸಂಬದ್ಧ, ಅಂಕಿಗಳು ತಪ್ಪು

ಈ ಲಕ್ಷಣಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಬಿಲ್ಲಿನ ಅಂಕಿ ತಪ್ಪಿದರೆ ಹಾನಿ ಪ್ರಿಂಟರಿಗಷ್ಟೇ ಸೀಮಿತವಾಗುವುದಿಲ್ಲ. ಅಸಂಬದ್ಧ ಮುದ್ರಣ ಎರಡು ಬಗೆ. ಎರಡನ್ನೂ ಬೇರ್ಪಡಿಸುವುದೇ ಮೊದಲ ಕೆಲಸ.

ಪುಟದ ತುಂಬ ವಿಚಿತ್ರ ಚಿಹ್ನೆಗಳು ಬಂದು, ಹಾಳೆಯ ಮೇಲೆ ಹಾಳೆ ಓಡುತ್ತಿದ್ದರೆ ಅದು ಭಾಷೆಯ ತಪ್ಪು. ಲೇಸರ್‌ಜೆಟ್ 6ಎಲ್‌ಗೆ ಅರ್ಥವಾಗುವುದು ಪಿಸಿಎಲ್ ಭಾಷೆ, ಎಲ್‌ಎಕ್ಸ್-300ಕ್ಕೆ ಅರ್ಥವಾಗುವುದು ಎಪ್ಸನ್ನಿನ ಇಎಸ್‌ಸಿ/ಪಿ ಭಾಷೆ. ಒಂದರದನ್ನು ಇನ್ನೊಂದಕ್ಕೆ ಕಳಿಸಿದರೆ ಆಜ್ಞೆಗಳೂ ಅಕ್ಷರಗಳಾಗಿ ಕಾಗದದ ಮೇಲೆ ಬೀಳುತ್ತವೆ. ಪ್ರಿಂಟರ್ ಆರಿಸಿ, ಸರದಿಯಲ್ಲಿರುವ ಎಲ್ಲ ಕೆಲಸಗಳನ್ನು ಅಳಿಸಿ, ಸರಿಯಾದ ಡ್ರೈವರ್ ಹಾಕಿ. ಸರದಿ ಖಾಲಿ ಮಾಡದೆ ಪ್ರಿಂಟರ್ ಆನ್ ಮಾಡಿದರೆ ಅರ್ಧಕ್ಕೆ ನಿಂತ ಕೆಲಸವೇ ನಡುವಿನಿಂದ ಮುಂದುವರಿದು ಮತ್ತೆ ಅದೇ ಕಸ ಬರುತ್ತದೆ, ಆಗ ಹೊಸ ಡ್ರೈವರೂ ತಪ್ಪೆಂದು ಭ್ರಮೆಯಾಗುತ್ತದೆ. ಎಚ್‌ಪಿ ಡೆಸ್ಕ್‌ಜೆಟ್ 720ಸಿ, ಕ್ಯಾನನ್ ಎಲ್‌ಬಿಪಿ-800ರಂಥ ಕೆಲವು ಯಂತ್ರಗಳಿಗೆ ತಮ್ಮದೇ ಆದ ಭಾಷೆಯಿದ್ದು, ಪುಟದ ಚಿತ್ರವನ್ನು ಕಂಪ್ಯೂಟರೇ ತಯಾರಿಸಿ ಕೊಡಬೇಕು. ಇವಕ್ಕೆ ಸಾಮಾನ್ಯ ಡ್ರೈವರ್ ನಡೆಯುವುದಿಲ್ಲ. 64 ಬಿಟ್ ವಿಂಡೋಸಿಗೆ ಹೊಂದುವ ಡ್ರೈವರ್ ಸಿಗದಿದ್ದರೆ ಇವುಗಳ ಮೇಲೆ ಮತ್ತಷ್ಟು ಹಣ ಹಾಕದಿರುವುದು ಲೇಸು.

ಎರಡನೆಯ ಬಗೆಯಲ್ಲಿ ಸಾಲುಗಳು ಸಾಲುಗಳಾಗಿಯೇ ಇರುತ್ತವೆ, ಪದಗಳ ಉದ್ದವೂ ಸರಿಯಿರುತ್ತದೆ, ಆದರೆ ಕೆಲವು ಅಕ್ಷರಗಳು ಮಾತ್ರ ಪ್ರತಿಸಲವೂ ಒಂದೇ ರೀತಿಯಲ್ಲಿ ಬದಲಾಗುತ್ತವೆ. ಇದು ಕೇಬಲ್ಲಿನ ಒಂದು ತಂತಿ ತುಂಡಾದ ಗುರುತು. ಪ್ಯಾರಲಲ್ ಕೇಬಲ್ಲಿನಲ್ಲಿ 2ರಿಂದ 9ರವರೆಗಿನ ಎಂಟು ಪಿನ್ನುಗಳು ಒಂದು ಅಕ್ಷರದ ಸಂಕೇತಸಂಖ್ಯೆಯ 0 ಅಥವಾ 1 ಆಗಿರುವ ಎಂಟು ಬಿಟ್‌ಗಳನ್ನು ಒಟ್ಟಿಗೆ ಒಯ್ಯುತ್ತವೆ. ತುಂಡಾದ ತಂತಿಯನ್ನು ಪ್ರಿಂಟರ್ ಸಾಮಾನ್ಯವಾಗಿ ಸದಾ 1 ಎಂದೇ ಓದುತ್ತದೆ. 2ನೇ ಪಿನ್ ಹೋಗಿದ್ದರೆ ಸಮ ಸಂಕೇತಗಳೆಲ್ಲ ಮುಂದಿನ ಬೆಸ ಸಂಕೇತಗಳಾಗುತ್ತವೆ: 0 ಹೋಗಿ 1, 2 ಹೋಗಿ 3, 4 ಹೋಗಿ 5. ಅಂದರೆ 2480 ರೂಪಾಯಿಯ ಬಿಲ್ಲು 3591 ರೂಪಾಯಿ ಎಂದು ಅಚ್ಚಾಗುತ್ತದೆ! ಖಾಲಿ ಜಾಗದ ಸಂಕೇತ 32 ಕೂಡ 33 ಆಗುವುದರಿಂದ ಪದಗಳ ನಡುವೆಲ್ಲ ಆಶ್ಚರ್ಯಸೂಚಕ ಚಿಹ್ನೆ ತುಂಬಿಕೊಳ್ಳುತ್ತದೆ, ಅದೇ ಇದನ್ನು ಹಿಡಿದುಕೊಡುವ ಸುಳಿವು. 

ಪರೀಕ್ಷೆ ಸುಲಭ. ನೋಟ್‌ಪ್ಯಾಡಿನಲ್ಲಿ 0123456789 ಎಂದು ಬರೆದು, ಜೆನೆರಿಕ್ ಟೆಕ್ಸ್ಟ್ ಓನ್ಲಿ ಎಂಬ ಡ್ರೈವರಿನಿಂದ ಮುದ್ರಿಸಿ. 1133557799 ಎಂದು ಬಂದರೆ 2ನೇ ಪಿನ್, 23236767 ಎಂದು ಶುರುವಾದರೆ 3ನೇ ಪಿನ್, 45674567 ಎಂದು ಶುರುವಾದರೆ 4ನೇ ಪಿನ್. ಇಟಾಲಿಕ್ ಅಕ್ಷರಪಟ್ಟಿ ಆಯ್ಕೆಯಾಗಿರುವ ಎಪ್ಸನ್ನಿನಲ್ಲಿ ಎಲ್ಲ ಅಕ್ಷರಗಳೂ ಓರೆಯಾಗಿ ಬಂದರೆ 9ನೇ ಪಿನ್ನನ್ನು ಸಂಶಯಿಸಬೇಕು. ಗ್ರಾಫಿಕ್ಸ್ ಡ್ರೈವರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅಲ್ಲಿ ಅಕ್ಷರದ ಸಂಕೇತವೇ ಹೋಗುವುದಿಲ್ಲ. ಇನ್ನೂ ಖಚಿತವಾಗಬೇಕೆಂದರೆ ಎಲ್‌ಎಕ್ಸ್-300 ಪ್ಲಸ್‌ನಲ್ಲಿ ಲೈನ್ ಫೀಡ್ ಮತ್ತು ಲೋಡ್ ಬಟನ್ನುಗಳೆರಡನ್ನೂ ಒತ್ತಿ ಹಿಡಿದು ಸ್ವಿಚ್ ಹಾಕಿ. ಆಗ ಅದು ಬಂದ ಪ್ರತಿ ಸಂಕೇತವನ್ನೂ ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಯಲ್ಲಿ ಬರೆದು ತೋರಿಸುತ್ತದೆ. ಸೊನ್ನೆಗೆ 30, ಒಂಬತ್ತಕ್ಕೆ 39 ಕಾಣಬೇಕು.

ಅಕ್ಷರಗಳು ಅಲ್ಲಲ್ಲಿ ಎರಡೆರಡು ಸಲ ಬೀಳುವುದು ಅಥವಾ ಮಾಯವಾಗುವುದು, ಅಕ್ಷರ ಬಂದಿದೆ ಓದಿಕೋ ಎಂದು ಪ್ರಿಂಟರಿಗೆ ಸೂಚಿಸುವ ಸ್ಟ್ರೋಬ್ ತಂತಿಯಲ್ಲಿ ಸೇರುವ ವಿದ್ಯುತ್ ಗದ್ದಲದಿಂದ. ಹಳೆಯ ಬಗೆಯ ಕೇಬಲ್ಲನ್ನು ಎರಡು ಮೀಟರಿಗಿಂತ ಉದ್ದ ಎಳೆದಾಗ, ಟ್ಯೂಬ್‌ಲೈಟ್ ಚೋಕ್ ಅಥವಾ ಮೋಟಾರಿನ ತಂತಿಯ ಜೊತೆಗೆ ಓಡಿಸಿದಾಗ ಹೀಗಾಗುತ್ತದೆ. 1994ರ ಐಇಇಇ 1284 ಮಾನಕದ ಹೆಸರು ಅಚ್ಚಾಗಿರುವ ಕೇಬಲ್ ಕೊಳ್ಳಿ. ಅದರಲ್ಲಿ ಪ್ರತಿ ಸಂಕೇತಕ್ಕೂ ಅದರದೇ ನೆಲತಂತಿ ಹೆಣೆದಿರುತ್ತದೆ, ಹತ್ತು ಮೀಟರಿನವರೆಗೂ ನಡೆಯುತ್ತದೆ.

ಲಕ್ಷಣ: ಇಂಗ್ಲಿಷ್ ಬರುತ್ತದೆ, ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ

ಟೆಕ್ಸ್ಟ್ ಓನ್ಲಿ ಡ್ರೈವರ್ ಪ್ರಿಂಟರಿನೊಳಗೇ ಇರುವ ಅಕ್ಷರಗಳನ್ನು ಮಾತ್ರ ಬಳಸುತ್ತದೆ, ಅಲ್ಲಿ ಕನ್ನಡ ಇಲ್ಲ. ಕನ್ನಡಕ್ಕೆ ಎಲ್‌ಎಕ್ಸ್ ಅಥವಾ ಎಲ್‌ಕ್ಯೂ ಡ್ರೈವರ್ ಹಾಕಿ ಚಿತ್ರರೂಪದಲ್ಲಿ ಮುದ್ರಿಸಲೇಬೇಕು. ವೇಗ ತುಂಬ ಇಳಿಯುತ್ತದೆ, ಸದ್ದೂ ಬದಲಾಗುತ್ತದೆ, ಅದು ದೋಷವಲ್ಲ. 9 ಸೂಜಿಯ ಯಂತ್ರದಲ್ಲಿ ಹತ್ತು ಪಾಯಿಂಟಿನ ಅಕ್ಷರದ ಒತ್ತುಗಳು ಒಂದರೊಳಗೊಂದು ಕಲೆತುಹೋಗುತ್ತವೆ, ಏಕೆಂದರೆ ಒಂದು ಓಟಕ್ಕೆ ಇಂಚಿಗೆ 72 ಚುಕ್ಕಿಗಳಷ್ಟೇ ಮೇಲಿಂದ ಕೆಳಕ್ಕೆ ಬೀಳುತ್ತವೆ. ಡ್ರೈವರಿನಲ್ಲಿ ಹೆಚ್ಚಿನ ರೆಸಲ್ಯೂಷನ್ ಆರಿಸಿ, ಅಕ್ಷರವನ್ನು 13 ಅಥವಾ 14 ಪಾಯಿಂಟಿಗೆ ಏರಿಸಿ, ಎಳೆ ಸಮನಾಗಿರುವ ಫಾಂಟ್ ಬಳಸಿ. ಕನ್ನಡವೇ ಮುಖ್ಯವಾದ ಕಚೇರಿಗೆ 24 ಸೂಜಿಯ ಯಂತ್ರ ಒಳ್ಳೆಯದು. ಅದರಲ್ಲಿ ವತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಸಿಗುತ್ತವೆ.

ಲಕ್ಷಣ: ಪುಟದಿಂದ ಪುಟಕ್ಕೆ ಬರಹ ಜಾರುತ್ತದೆ, ಸಾಲುಗಳು ಮೆಟ್ಟಿಲಾಗುತ್ತವೆ

ಮೊದಲ ಬಿಲ್ಲು ಸರಿ, ಎರಡನೆಯದು ಒಂದು ಇಂಚು ಮೇಲೆ, ಮೂರನೆಯದು ಎರಡು ಇಂಚು ಮೇಲೆ ಹೀಗೆ ಏರುತ್ತ ಹೋದರೆ ಡ್ರೈವರ್ 11 ಇಂಚಿನ ಹಾಳೆಯೆಂದು ತಿಳಿದಿದೆ, ನೀವು ಹಾಕಿರುವುದು ನಮ್ಮಲ್ಲಿ ಹೆಚ್ಚು ಸಿಗುವ 10×12ರ ಕಂಪ್ಯೂಟರ್ ಹಾಳೆ. ಇಂಚಿಗೆ ಆರು ಸಾಲಿನ ಲೆಕ್ಕದಲ್ಲಿ 66 ಸಾಲಿಗೂ 72 ಸಾಲಿಗೂ ಇರುವ ಅಂತರ ಇದು. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಎಂಬಲ್ಲಿ 10×12 ಇಂಚಿನ ಹೊಸ ಫಾರ್ಮ್ ಮಾಡಿ ಹೆಸರಿಟ್ಟು, ಡ್ರೈವರಿನಲ್ಲೂ ಬಿಲ್ಲಿಂಗ್ ತಂತ್ರಾಂಶದಲ್ಲೂ ಅದನ್ನೇ ಆರಿಸಿ. ಪ್ರಿಂಟರಿನೊಳಗೆ ನಮೂದಾದ ಪುಟದ ಉದ್ದವೂ 12 ಇಂಚೇ ಇರಬೇಕು.

ಪ್ರತಿ ಸಾಲಿನ ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಪ್ರಿಂಟರಿನ ಆಟೋ ಲೈನ್ ಫೀಡ್ ಆನ್ ಆಗಿದೆ. ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರಿದರೆ, ಇದು ಲಿನಕ್ಸಿನಿಂದ ನೇರ ಕಳಿಸಿದಾಗ ಆಗುವುದು, ಸಾಲಿನ ಕೊನೆಯಲ್ಲಿ, ಎಡ ಅಂಚಿಗೆ ಮರಳಿಸುವ ಕ್ಯಾರೇಜ್ ರಿಟರ್ನ್ ಸಂಕೇತ ಬರುತ್ತಿಲ್ಲ. ಎಲ್‌ಎಕ್ಸ್-800ರಂಥ ಯಂತ್ರಗಳಲ್ಲಿ ಆಟೋ ಲೈನ್ ಫೀಡನ್ನು ಸಣ್ಣ ಡಿಪ್ ಸ್ವಿಚ್ಚುಗಳಿಂದಲೂ, ಎಲ್‌ಎಕ್ಸ್-300 ಪ್ಲಸ್‌ನಲ್ಲಿ ಬಟನ್ ಒತ್ತಿ ಕಾಗದದ ಮೇಲೆ ಬರುವ ಪ್ರಶ್ನಾವಳಿಯಿಂದಲೂ ಬದಲಿಸಬೇಕು. ಲೇಸರ್ ಪ್ರಿಂಟರಿಗೆ ಬರಿಯ ಪಠ್ಯ ಕಳಿಸಿದಾಗ ದೀಪ ಮಿನುಗಿ ಹಾಳೆ ಹೊರಬಾರದಿದ್ದರೆ ಕೊನೆಗೆ ಹಾಳೆ ಹೊರಹಾಕುವ ಫಾರ್ಮ್ ಫೀಡ್ ಸಂಕೇತ ಬಂದಿಲ್ಲ ಎಂದರ್ಥ, ಬಟನ್ ಒತ್ತಿದರೆ ಹಾಳೆ ಬರುತ್ತದೆ.

ಲಕ್ಷಣ: ವಿಂಡೋಸಿನಿಂದ ಬರುತ್ತದೆ, ಹಳೆಯ ಡಾಸ್ ಬಿಲ್ಲಿಂಗ್‌ನಿಂದ ಬರುವುದಿಲ್ಲ

ಫಾಕ್ಸ್‌ಪ್ರೊ, ಕ್ಲಿಪ್ಪರ್ ಕಾಲದ ತಂತ್ರಾಂಶಗಳಿಗೆ ಗೊತ್ತಿರುವುದು ಎಲ್‌ಪಿಟಿ1 ಎಂಬ ಹೆಸರೊಂದೇ. ಪ್ರಿಂಟರನ್ನು ವಿಂಡೋಸಿನಲ್ಲಿ ಎಂಟು ಅಕ್ಷರ ಮೀರದ, ನಡುವೆ ಖಾಲಿ ಜಾಗವಿಲ್ಲದ ಹೆಸರಿನಿಂದ ಶೇರ್ ಮಾಡಿ, ಕಮಾಂಡ್ ಕಿಟಕಿಯಲ್ಲಿ ನೆಟ್ ಯೂಸ್ ಆಜ್ಞೆಯಿಂದ ಎಲ್‌ಪಿಟಿ1 ಅನ್ನು ಆ ಶೇರಿಗೆ ಜೋಡಿಸಿ, ಪರ್ಸಿಸ್ಟೆಂಟ್ ಯೆಸ್ ಎಂದೂ ಸೇರಿಸಿ. ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ಮಾಡಿದ ಜೋಡಣೆ ಸಾಮಾನ್ಯ ಬಳಕೆದಾರರಿಗೆ ಕಾಣದಿರಬಹುದು, ಆದ್ದರಿಂದ ಬಿಲ್ಲಿಂಗ್ ಓಡುವ ಖಾತೆಯಲ್ಲೇ ಮಾಡಿ. ಯಂತ್ರದಲ್ಲಿ ಅಸಲಿ ಎಲ್‌ಪಿಟಿ1 ಇದ್ದರೆ ಅದನ್ನು ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ನಿಲ್ಲಿಸಬೇಕು.

ಈ ಜೋಡಣೆ ಫಲಿಸುವುದು ತಂತ್ರಾಂಶವೇ ಓಡುವ ಕಡೆ ಮಾತ್ರ; 64 ಬಿಟ್ ವಿಂಡೋಸ್ 16 ಬಿಟ್ ಡಾಸ್ ತಂತ್ರಾಂಶಗಳನ್ನು ಓಡಿಸುವುದೇ ಇಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಅಂಥವರಿಗೆ, ಡಾಸ್ ಯಂತ್ರವನ್ನು ಅನುಕರಿಸುವ, ಮುದ್ರಣದ ಸೌಲಭ್ಯವಿರುವ ಡಾಸ್‌ಬಾಕ್ಸ್-ಎಕ್ಸ್ ಒಂದು ದಾರಿ. ಎಲ್‌ಪಿಟಿ ಪೋರ್ಟಿಗೆ ಚುಚ್ಚುವ ಲೈಸೆನ್ಸ್ ಡಾಂಗಲ್ ಬೇಡುವ ತಂತ್ರಾಂಶಕ್ಕೆ ಮಾತ್ರ ಯುಎಸ್‌ಬಿ ಅಡಾಪ್ಟರ್ ಉಪಯೋಗಕ್ಕೆ ಬಾರದು. ಅದಕ್ಕೆ ಪಿಸಿಐ ಕಾರ್ಡೇ ಬೇಕು, ಅದರಲ್ಲೂ ಎಲ್ಲ ಡಾಂಗಲ್‌ಗಳೂ ಒಪ್ಪುವುದಿಲ್ಲ.

ಲಕ್ಷಣ: ಪಿಸಿಐ ಕಾರ್ಡ್ ಹಾಕಿದೆ, ಮುದ್ರಣ ನಿಂತು ನಿಂತು ಬರುತ್ತದೆ ಅಥವಾ ಬರುವುದೇ ಇಲ್ಲ

ಕಾರ್ಡಿನ ಪೋರ್ಟಿಗೆ ವಿಂಡೋಸ್ ಅನೇಕ ಸಲ ಎಲ್‌ಪಿಟಿ3 ಎಂದು ಹೆಸರಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಸೆಟ್ಟಿಂಗ್ಸ್‌ಗೆ ಹೋಗಿ ಎಲ್‌ಪಿಟಿ1 ಮಾಡಿ. ಆದರೆ ಹೆಸರು ಬದಲಾದರೂ ವಿಳಾಸ ಬದಲಾಗದು: ಹಳೆಯ ಬೋರ್ಡುಗಳ ಎಲ್‌ಪಿಟಿ1 ಹೆಕ್ಸ್ 378 ಎಂಬ ವಿಳಾಸದಲ್ಲಿರುತ್ತಿತ್ತು, ಕಾರ್ಡಿನದು ಬೇರೆಲ್ಲೋ ಇರುತ್ತದೆ. ವಿಂಡೋಸ್ ಮೂಲಕ ಮುದ್ರಿಸುವವರಿಗೆ ಇದರಿಂದ ತೊಂದರೆಯಿಲ್ಲ. ನೇರವಾಗಿ ಆ ವಿಳಾಸವನ್ನೇ ಮುಟ್ಟುವ ತಂತ್ರಾಂಶ ಮಾತ್ರ ನಿಂತುಬಿಡುತ್ತದೆ. ಬೋರ್ಡಿನದೇ ಪೋರ್ಟಾಗಿದ್ದರೆ ಬಯೋಸ್‌ನಲ್ಲಿ ಅದನ್ನು ಇಸಿಪಿ ಎಂಬ ವೇಗದ ಕ್ರಮದಿಂದ ಹಳೆಯ ಸರಳ ಕ್ರಮವಾದ ನಾರ್ಮಲ್ ಅಥವಾ ಎಸ್‌ಪಿಪಿಗೆ ಬದಲಿಸಿ, ಡಾಟ್ ಮ್ಯಾಟ್ರಿಕ್ಸಿಗೆ ಅಷ್ಟೇ ಸಾಕು. ನಿಧಾನವಾಗಿ ತಡೆತಡೆದು ಬರುತ್ತಿದ್ದರೆ ಪೋರ್ಟ್ ಸೆಟ್ಟಿಂಗ್ಸಿನಲ್ಲಿ ಇಂಟರಪ್ಟ್ ಬಳಸುವ ಆಯ್ಕೆಯನ್ನು ಬದಲಿಸಿ ನೋಡಬಹುದು.

ಲಿನಕ್ಸ್ ಬಳಸುವವರ ಕೆಲಸ ಇದಕ್ಕಿಂತ ಹಗುರ. ಅಸಲಿ ಪೋರ್ಟ್ ಎಲ್‌ಪಿ0 ಎಂದೂ, ಯುಎಸ್‌ಬಿ ಅಡಾಪ್ಟರ್ ಯುಎಸ್‌ಬಿ ಕಡತಕೋಶದ ಎಲ್‌ಪಿ0 ಎಂದೂ ಕಾಣುತ್ತದೆ. ಬಳಕೆದಾರ ಎಲ್‌ಪಿ ಗುಂಪಿನಲ್ಲಿದ್ದರೆ ಸಾಕು, ಲಿನಕ್ಸಿನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲಿ ಎಪ್ಸನ್ 9 ಪಿನ್ ಅಥವಾ 24 ಪಿನ್ ಎಂದು ಆರಿಸಿ ಮುದ್ರಿಸಬಹುದು.

ಯಾವಾಗ ನಿಲ್ಲಿಸಿ ತಿಳಿದವರ ಬಳಿ ಹೋಗಬೇಕು

ಸುಟ್ಟ ವಾಸನೆ, ಪ್ರಿಂಟರಿನೊಳಗೆ ಸಿಡಿದ ಸದ್ದು, ಸ್ವಿಚ್ ಹಾಕಿದೊಡನೆ ಎಂಸಿಬಿ ಬೀಳುವುದು ಕಂಡರೆ ಪ್ಲಗ್ ಕಿತ್ತು ಅಲ್ಲಿಗೇ ಬಿಡಿ. ಪವರ್ ಸಪ್ಲೈ ಭಾಗದ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿರುತ್ತವೆ, ಮುಚ್ಚಳ ತೆಗೆಯಬೇಡಿ. ಸ್ವಯಂ ಪರೀಕ್ಷೆ ಸರಿಯಿದ್ದು, ಬೇರೆ ಕೇಬಲ್ಲಿನಲ್ಲೂ ಬೇರೆ ಕಂಪ್ಯೂಟರಿನಲ್ಲೂ ಮುದ್ರಣ ಬಾರದಿದ್ದರೆ ಪ್ರಿಂಟರಿನ ಇಂಟರ್‌ಫೇಸ್ ಚಿಪ್ಪು ಹೋಗಿದೆ. ಹೆಡ್ಡಿನ ಸೂಜಿ ಬದಲಿಸುವ, ಬೋರ್ಡ್ ದುರಸ್ತಿ ಮಾಡುವ ಕುಶಲಿಗಳು ಬೆಂಗಳೂರಿನ ಎಸ್‌ಪಿ ರಸ್ತೆಯ ಸುತ್ತಮುತ್ತ ಮಾತ್ರವಲ್ಲ, ಅನೇಕ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾರೆ. ಅವರ ಬಳಿ ಹೋಗುವಾಗ ಸ್ವಯಂ ಪರೀಕ್ಷೆಯ ಹಾಳೆ, ಅಂಕಿಗಳ ಪರೀಕ್ಷೆಯ ಹಾಳೆ, ನೀವು ಬಳಸುತ್ತಿದ್ದ ಕೇಬಲ್ ಮತ್ತು ಅಡಾಪ್ಟರ್ ಇಷ್ಟನ್ನೂ ಪ್ರಿಂಟರಿನ ಜೊತೆಗೇ ಒಯ್ಯಿರಿ, ದೋಷ ಕಾಣಿಸಿಕೊಳ್ಳುವ ಮುನ್ನ ಮಳೆ ಸಿಡಿಲು ಏನಾದರೂ ಆಗಿತ್ತೇ ಎಂಬುದನ್ನೂ ತಿಳಿಸಿ.